ಅತ್ತಿಗೆಗೆ ಒಂದು ವಾರದ ದ್ವೀಪ

ಜನವರಿ 8

ಪ್ರೀತಿಯ ಅತ್ತಿಗೆ,

ಮನೆಗೆ ಬರೆಯದೆ ನಿಮ್ಮ ಕನ್ನಡಕದ ಅಂಗಡಿಯ ವಿಳಾಸಕ್ಕೆ ಬರೆದಿದ್ದಾಳಲ್ಲ ಎಂದು ಗಾಬರಿಯಾಗಬೇಡಿ. ಕೆಟ್ಟ ಸುದ್ದಿ ಏನೂ ಇಲ್ಲ. ಫೋನಿನಲ್ಲಿ ಹೇಳೋಣವೆಂದರೆ ಅದು ಸದಾ ಅಮ್ಮನ ಕುರ್ಚಿಯ ಪಕ್ಕದಲ್ಲೇ ಇರುತ್ತದೆ. ನಾನು ಹಲೋ ಅನ್ನುವಷ್ಟರಲ್ಲಿ ಹಿಂದಿನಿಂದ “ಜೋರಾಗಿ ಹಾಕೇ, ನಂಗೂ ಕೇಳ್ಲಿ” ಎಂಬ ದನಿ. ಆಮೇಲೆ ನಾವಿಬ್ಬರೂ ಹವಾಮಾನ ವರದಿ ಓದುವವರ ಹಾಗೆ ಬಿಸಿಲು, ಗಾಳಿ ಎಂದು ಮಾತಾಡಿ ಇಟ್ಟುಬಿಡುತ್ತೇವೆ.

ವಿಷಯ ಇಷ್ಟು. ನೀವು ಇಲ್ಲಿಗೆ ಬಂದು ಒಂದು ವಾರ ಇರಬೇಕು. ಅಣ್ಣ ತೀರಿಹೋಗಿ ಆರು ವರ್ಷವಾಯಿತು. ಅವನು ಹೋದ ಮೇಲೂ ನೀವು ನನ್ನ ಅಮ್ಮನ ಜೊತೆಗೇ ಉಳಿದಿರಿ. ಯಾಕೆ ಉಳಿದಿರಿ ಎಂದು ನಾನು ಕೇಳಲಿಲ್ಲ, ಕೇಳುವ ಧೈರ್ಯವಿರಲಿಲ್ಲ. ಬೆಳಿಗ್ಗೆ ಅಂಗಡಿ, ಮಧ್ಯಾಹ್ನದಿಂದ ಅಮ್ಮ. ನೀವು ಕೊನೆಯ ಸಲ ಕಾಲು ಚಾಚಿ ಕೂತದ್ದು ಯಾವಾಗ?

ಅತ್ತೆಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳುತ್ತೀರಿ. ನಾನು. ನೀವು ನನ್ನ ಮನೆಯಲ್ಲಿ, ನಾನು ನಿಮ್ಮ ಮನೆಯಲ್ಲಿ. ಬಂದರಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಸಿಗೋಣ. ನಾನು ಇಳಿದ ದೋಣಿಗೇ ನೀವು ಹತ್ತಿದರಾಯಿತು. ನೀವು ಹೊರಟು ನಾನು ತಲುಪುವ ನಡುವಿನ ಒಂದೂವರೆ ದಿನ ಕೆಳಮನೆ ಟೀಚರ್ ಇರುತ್ತಾರೆ, ಹೇಗೂ ಬೆಳಗಿನ ಹೊತ್ತು ಅವರೇ ತಾನೇ ಇರುವುದು.

ನಮ್ಮದು ಈ ದ್ವೀಪ ಪ್ರಾಂತ್ಯದಲ್ಲೇ ಚಿಕ್ಕ ದ್ವೀಪ. ದೊಡ್ಡ ದ್ವೀಪಕ್ಕೆ ವಿಮಾನ ಬರುತ್ತದೆ, ಹೋಟೆಲುಗಳಿವೆ, ಛತ್ರಿಗಳ ಕೆಳಗೆ ಮೈಗೆ ಎಣ್ಣೆ ಹಚ್ಚಿಕೊಂಡು ಮಲಗುವ ಜನ ಇದ್ದಾರೆ. ನಮ್ಮಲ್ಲಿ ಒಂದು ದೋಣಿಕಟ್ಟೆ, ಒಂದು ಬೀದಿ, ದೋಣಿಗಳಿಗೆ ಬಿಸಿಲು-ಮಳೆಯ ಹೊದಿಕೆ ಹೊಲಿಯುವವಳು ಒಬ್ಬಳು. ಆ ಒಬ್ಬಳು ನಾನು. ಮೇಲೆ ಎರಡು ಕೋಣೆ, ಕೆಳಗೆ ಹೊಲಿಗೆಯ ಯಂತ್ರ. ಮನೆಯೆಲ್ಲ ಹೊಸ ತಾಡಪಾಲಿನ ವಾಸನೆ, ಅದಕ್ಕೆ ಮಾತ್ರ ಕ್ಷಮೆ ಇರಲಿ.

ಫೆಬ್ರವರಿಯಲ್ಲಿ ಬನ್ನಿ. ಕಡಲು ಆಗ ಶಾಂತವಾಗಿರುತ್ತದೆ.

ನಿಮ್ಮ
ಸೂಜಿ

—

ಜನವರಿ 17

ಪ್ರೀತಿಯ ಸೂಜಿ,

ನಿನ್ನ ಕಾಗದವನ್ನು ಅಂಗಡಿಯ ಹಿಂಬದಿ ಕೋಣೆಯಲ್ಲಿ, ಲೆನ್ಸು ಉಜ್ಜುವ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು ಓದಿದೆ. ಅಂಗಡಿಯ ಯಜಮಾನರು ಬಂದು “ಏನಮ್ಮ, ಲಾಟರಿ ಹೊಡೀತಾ?” ಎಂದರು. ನನ್ನ ಮುಖ ಹಾಗಿತ್ತೇನೋ. ಹೌದು ಅಂದೆ.

ನೀನು ಕರೆದದ್ದೇ ನನಗೆ ಅರ್ಧ ಹೋಗಿಬಂದ ಹಾಗಾಯಿತು. ಆದರೆ ಫೆಬ್ರವರಿ ಆಗುವುದಿಲ್ಲ ಕಣೆ. ಶಾಲೆಗಳಲ್ಲಿ ಕಣ್ಣಿನ ತಪಾಸಣೆ ಮುಗಿದು ಮಕ್ಕಳ ಕನ್ನಡಕಗಳು ರಾಶಿ ಬಂದು ಬೀಳುವ ಕಾಲ. ನಾನಿಲ್ಲದಿದ್ದರೆ ಯಜಮಾನರು ಎಡಗಣ್ಣಿನದನ್ನು ಬಲಕ್ಕೆ ಕೂರಿಸಿ ಕಳಿಸುತ್ತಾರೆ.

ಅತ್ತೆ ಚೆನ್ನಾಗಿದ್ದಾರೆ. ಮೇಜಿನವರೆಗೆ ಓಡಾಡಿಕೊಂಡಿದ್ದಾರೆ. ಮಧ್ಯಾಹ್ನ ನಾನು ಅವರಿಗೆ ಕವಿತೆ ಓದಿ ಹೇಳುವುದುಂಟು. ನಿನ್ನೆ ಅರ್ಧಕ್ಕೇ ತಡೆದು “ಸಾಕು ಬಿಡು, ಕವಿ ಊಟ ಸರಿಯಾಗಿ ಮಾಡಿರ್ಲಿಲ್ಲ ಅನ್ಸುತ್ತೆ ಪಾಪ, ಅದಕ್ಕೇ ಇಷ್ಟು ಗೋಳು” ಅಂದರು. ಆಮೇಲೆ ಆ ಕವಿತೆಯನ್ನು ಗಂಭೀರವಾಗಿ ಓದಲು ನನ್ನಿಂದ ಆಗಲೇ ಇಲ್ಲ.

ಬರದಿದ್ದರೂ ಕೇಳಬಹುದಲ್ಲ? ನಿನ್ನ ಮೇಲಿನ ಕೋಣೆಯಲ್ಲಿ ಮಧ್ಯಾಹ್ನ ಗಾಳಿ ಬರುತ್ತದೆಯೇ? ಮಂಚ ಯಾವ ಕಡೆಗಿದೆ? ಹಗಲು ಮಲಗಿದರೆ ಬಂದು ಎಬ್ಬಿಸುವವರು ಯಾರಾದರೂ ಇದ್ದಾರೆಯೇ?

ನಿನ್ನ
ಅತ್ತಿಗೆ

—

ಜನವರಿ 17, ಸಂಜೆ

ಸೂಜಿ,

ಮಧ್ಯಾಹ್ನ ಬರೆದದ್ದು ಅಂಚೆಗೆ ಹೋಯಿತು. ಇದು ಹೋಗುವುದಿಲ್ಲ. ಆದರೂ ಬರೆಯುತ್ತಿದ್ದೇನೆ, ಒಳಗಿಟ್ಟುಕೊಂಡರೆ ಅತ್ತೆಯ ಮುಂದೆ ಮುಖ ಬೇರೆ ಥರ ಆಗುತ್ತದೆ.

ಅತ್ತೆ ನಡೆಯುವುದಿಲ್ಲ. ಮೂರು ವರ್ಷದ ಹಿಂದೆ “ಬಚ್ಚಲಲ್ಲಿ ಸ್ವಲ್ಪ ಜಾರಿದರು” ಎಂದು ನಿನಗೆ ಹೇಳಿದ್ದೆವಲ್ಲ, ಅವತ್ತಿನಿಂದ ಒಂದು ಹೆಜ್ಜೆಯೂ ಇಲ್ಲ. ಎಬ್ಬಿಸುವುದು, ಕೂರಿಸುವುದು, ಸ್ನಾನ, ಎಲ್ಲ ನನ್ನ ಕೈಯಲ್ಲೇ. ನೀನು ಬರುವ ದಿನ ನಾವಿಬ್ಬರೂ ನಾಟಕದ ಕಂಪನಿಯವರ ಹಾಗೆ ಬೇಗ ಏಳುತ್ತೇವೆ. ಅವರಿಗೆ ಒಳ್ಳೆಯ ಉಡುಪು ಹಾಕಿ, ಎತ್ತಿ ತಂದು ಊಟದ ಮೇಜಿನ ಮುಂದೆ ಕೂರಿಸಿ, ಕೈಗೆ ಚಾಕು, ಮುಂದೆ ಅರ್ಧ ಹೆಚ್ಚಿದ ಹುರುಳಿಕಾಯಿ. ನೀನು ಒಳಗೆ ಕಾಲಿಟ್ಟ ಕೂಡಲೇ “ಬಾರೇ, ಏಳಕ್ಕಾಗಲ್ಲ, ಕೈಯೆಲ್ಲಾ ನಾರು” ಅನ್ನುತ್ತಾರಲ್ಲ, ಅದು ಅವರೇ ಬರೆದುಕೊಂಡ ಮಾತು. ನೀನು ಹೊರಡುವವರೆಗೂ ಅದೇ ಕುರ್ಚಿ. ನಡುವೆ ಬಚ್ಚಲಿಗೆ ಹೋಗುವ ಹಾಗಾಗಬಾರದೆಂದು ಅಂದು ಇಡೀ ದಿನ ಒಂದು ಗುಟುಕು ನೀರೂ ಕುಡಿಯುವುದಿಲ್ಲ.

ನಿನಗೆ ಹೇಳಿಬಿಡೋಣ ಎಂದು ಎಷ್ಟೋ ಸಲ ಅಂಗಲಾಚಿದ್ದೇನೆ. “ಅವಳಪ್ಪ ಹೋದಾಗ ಅವಳು ನನ್ನ ಸೆರಗು ಹಿಡ್ಕೊಂಡು ಒಂದೇ ಮಾತು ಕೇಳಿದ್ಲು, ಅಮ್ಮ, ನೀನು ಬೀಳಲ್ಲ ತಾನೆ ಅಂತ. ಇಲ್ಲ ಅಂದಿದ್ದೆ. ನಿನ್ ಮುಂದೆ ಬಿದ್ದಿದ್ದಾಯ್ತು, ಅವಳ ಮುಂದೆ ಬೀಳಲ್ಲ” ಅಂದರು. ಮಾತು ತೆಗೆದುಕೊಂಡರು. ಕೊಟ್ಟೆ.

ಈಚಿನ ವರ್ಷಗಳಲ್ಲಿ ನೀನು ಸಂಜೆಯ ರೈಲು ಬಿಟ್ಟು ಮಧ್ಯಾಹ್ನದ ರೈಲಿಗೇ ಹೊರಟುಬಿಡುತ್ತೀಯ. ಕೆಲಸದ ಒತ್ತಡ ಇರಬೇಕು. ಅತ್ತೆ ಏನೂ ಹೇಳುವುದಿಲ್ಲ, ಆದರೆ ಅಂದು ರಾತ್ರಿ ಊಟ ಸೇರುವುದಿಲ್ಲ ಅವರಿಗೆ.

ನನ್ನ ಬಲಗೈ ಮಣಿಕಟ್ಟು ಊದಿಕೊಂಡಿದೆ. ಡಾಕ್ಟರು ವಿಶ್ರಾಂತಿ ಅಂದರು. ಆ ಪದ ಕೇಳಿ ನಗು ಬಂತು. ನಿನ್ನ ಕಾಗದದಲ್ಲಿ ‘ಒಂದು ವಾರ’ ಎಂದು ಇರುವ ಜಾಗವನ್ನು ಮತ್ತೆ ಮತ್ತೆ ಓದಿದೆ. ಬರಬೇಕು ಅಂತ ಆಸೆ ಇದೆ ಸೂಜಿ, ಹಸಿವಿನಂಥ ಆಸೆ. ಆದರೆ ನಾನು ಬಂದರೆ ನೀನು ಇಲ್ಲಿರುತ್ತೀಯ, ಮತ್ತು ಅವರ ಮೂರು ವರ್ಷದ ಮರ್ಯಾದೆ ಮೊದಲ ಬೆಳಿಗ್ಗೆಯೇ ಹೋಗುತ್ತದೆ.

—

ಜನವರಿ 26

ಪ್ರೀತಿಯ ಅತ್ತಿಗೆ,

ಗಾಳಿ ಬರುತ್ತದೆ. ಮಂಚ ಕಿಟಕಿಯ ಕಡೆಗಿದೆ. ಎಬ್ಬಿಸುವವರು ಯಾರೂ ಇಲ್ಲ, ಪಕ್ಕದ ಮನೆಯ ಹುಂಜ ಒಂದಿದೆ, ಅದಕ್ಕೂ ಹೊತ್ತುಗೊತ್ತು ಇಲ್ಲ.

ಮಕ್ಕಳ ಕನ್ನಡಕ ಮುಗಿಯಲಿ. ಮಾರ್ಚ್ ಮೊದಲ ವಾರ ಎಂದು ಇಟ್ಟುಕೊಳ್ಳೋಣ. ದೋಣಿ ನಡೆಸುವ ಸಾರಂಗನಿಗೆ ಹೇಳಿಯಾಯಿತು, “ನನ್ನತ್ತಿಗೆ ಬರ್ತಾರೆ, ಮುಂದಿನ ಸೀಟು ಕೊಡಬೇಕು” ಎಂದು. “ವಾಂತಿ ಮಾಡ್ತಾರಾ?” ಎಂದು ಕೇಳಿದ. “ಅವರು ಮಾಡಲ್ಲ, ನೀನು ಬಾಯಿಗೆ ಬಂದ ಹಾಗೆ ಹಾಡದೇ ಇದ್ರೆ” ಅಂದೆ.

ನಿಜ ಹೇಳಿ, ಕಡಲಿನ ಭಯ ತಾನೇ? ಹಾಗಿದ್ದರೆ ನಾಚಿಕೆ ಬೇಡ. ಇಲ್ಲಿಗೆ ಬಂದ ಮೊದಲ ವರ್ಷ ನಾನು ದೋಣಿಯ ಹೊದಿಕೆ ಅಳತೆ ತೆಗೆಯುವಾಗ ಕೂಡ ಕಂಬ ಬಿಡುತ್ತಿರಲಿಲ್ಲ. ಈಗ ದೋಣಿ ತುಯ್ದರೆ ನನಗೆ ನಿದ್ದೆ ಬರುತ್ತದೆ.

ಎರಡನೆಯ ದಿನ ಕಟ್ಟೆಯ ಆಚೆಯ ಮರಳಿಗೆ ಹೋಗಿ, ಅಲ್ಲಿ ನೀರು ಮೊಣಕಾಲಿನಷ್ಟೇ. ಮೂರನೆಯ ದಿನ ಸಾರಂಗನ ಹೆಂಡತಿ ನಿಮ್ಮನ್ನು ಹವಳದ ದಿಬ್ಬಕ್ಕೆ ಕರೆದುಕೊಂಡು ಹೋಗುತ್ತಾಳೆ. ಅಗಲ ಅಂಚಿನ ಟೋಪಿ ಹೊಲಿದಿಟ್ಟಿದ್ದೇನೆ, ಮೀನುದೋಣಿಯ ಹೊದಿಕೆಗೆ ಹೊಲಿದು ಉಳಿದ ನೀಲಿ ಬಟ್ಟೆಯಲ್ಲಿ. ಹಾಕಿಕೊಂಡರೆ ನೀವೂ ಒಂದು ಸಣ್ಣ ದೋಣಿ.

ನಿಮ್ಮ
ಸೂಜಿ

—

ಫೆಬ್ರವರಿ 7

ಪ್ರೀತಿಯ ಸೂಜಿ,

ಅಕ್ಷರ ಕೋಳಿ ಕೆದಕಿದ ಹಾಗಿದೆ, ಓದಿಕೊ. ಕನ್ನಡಕದ ಸಣ್ಣ ಸ್ಕ್ರೂಗಳ ಜೊತೆ ಗುದ್ದಾಡಿ ಮಣಿಕಟ್ಟು ನೋಯುತ್ತಿದೆ.

ಮಾರ್ಚ್ ಕಷ್ಟ. ಅತ್ತೆಗೆ ನೆಗಡಿ, ಕೆಮ್ಮು. ಹವೆ ಬದಲಾಗುವ ಹೊತ್ತಿನಲ್ಲಿ ಅವರನ್ನು ಬಿಟ್ಟು ಬರಲು ಮನಸ್ಸಿಲ್ಲ. ಅದೂ ಅಲ್ಲದೆ ಟೀಚರಿಗೂ ಮೊದಲಿನ ಹಾಗೆ ಆಗುವುದಿಲ್ಲ. ಮುಂದೆ ನೋಡೋಣ.

ಕಡಲಿನ ಭಯವೇ ಎಂದು ಬೇಕಾದರೆ ಇಟ್ಟುಕೊ. ಟೋಪಿ ಯಾರಿಗೂ ಕೊಡಬೇಡ.

ನಿನ್ನ
ಅತ್ತಿಗೆ

—

ಫೆಬ್ರವರಿ 14

ಅತ್ತಿಗೆ,

ನಿನ್ನೆ ಫೋನಿನಲ್ಲಿ ಅಮ್ಮ ಹತ್ತು ನಿಮಿಷ ನನ್ನನ್ನು ಬೈದಳು. ಒಮ್ಮೆಯೂ ಕೆಮ್ಮಲಿಲ್ಲ.

ನನಗೆ ಅರ್ಥವಾಯಿತು. ಅಮ್ಮನನ್ನು ನನ್ನ ಕೈಗೆ ಕೊಡಲು ನಿಮಗೆ ನಂಬಿಕೆ ಇಲ್ಲ. ತಪ್ಪು ನಿಮ್ಮದಲ್ಲ. ವರ್ಷಕ್ಕೆ ಎರಡು ಸಲ ಬಂದು, ಉಂಡು, ರೈಲು ಹತ್ತುವವಳನ್ನು ಯಾರು ನಂಬುತ್ತಾರೆ? ಆದರೆ ಇಷ್ಟು ವರ್ಷ ನೀವು ಕೊಡುತ್ತಲೇ ಬಂದಿದ್ದೀರಿ, ನಾನು ತೆಗೆದುಕೊಳ್ಳುತ್ತಲೇ ಇದ್ದೇನೆ. ಒಂದು ಸಲ, ಒಂದೇ ವಾರ, ನನ್ನಿಂದಲೂ ಏನಾದರೂ ತೆಗೆದುಕೊಳ್ಳುತ್ತೀರಿ ಎಂದುಕೊಂಡಿದ್ದೆ.

ಇನ್ನು ಒತ್ತಾಯ ಮಾಡುವುದಿಲ್ಲ.

ಸೂಜಿ

—

ಫೆಬ್ರವರಿ 21

ಸೂಜಿ,

ನಂಬಿಕೆಯ ಮಾತಲ್ಲ. ಇದರ ಜೊತೆ ಒಂದು ಹಳೆಯ ಕಾಗದ ಇಟ್ಟಿದ್ದೇನೆ. ಜನವರಿಯಲ್ಲಿ ಬರೆದು ಹಾಕದೇ ಇದ್ದದ್ದು. ಅತ್ತೆಗೆ ಕೊಟ್ಟ ಮಾತು ಇವತ್ತಿಗೆ ಮುರಿಯಿತು. ನಿನ್ನನ್ನು ಕಳೆದುಕೊಳ್ಳುವುದಕ್ಕಿಂತ ಅವರ ಬೈಗುಳ ವಾಸಿ.

ಓದಿದ ಮೇಲೆ ಫೋನ್ ಮಾಡಬೇಡ. ಫೋನು ಎಲ್ಲಿರುತ್ತದೆ ಎಂದು ನಿನಗೆ ಗೊತ್ತು.

ಅತ್ತಿಗೆ

—

ಮಾರ್ಚ್ 9

ಅತ್ತಿಗೆ,

ಎರಡು ವಾರ ಉತ್ತರ ಬರಲಿಲ್ಲ ಎಂದು ಏನೇನೋ ಅಂದುಕೊಂಡಿರುತ್ತೀರಿ. ಹೊಲಿಯುತ್ತಿದ್ದೆ. ಈ ಪೊಟ್ಟಣದಲ್ಲಿ ಇರುವುದು ಅದೇ.

ಮೊದಲು ಒಂದು ಮಾತು. ಅಮ್ಮ ನಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅಮ್ಮ ಜಾರಿದ ವರ್ಷ ನಾನು ಅವಳಿಗೆ ಮನೆಯೊಳಗೆ ಹಾಕಿಕೊಳ್ಳುವ ಮೆತ್ತನೆಯ ಚಪ್ಪಲಿ ತಂದಿದ್ದೆ. ಮುಂದಿನ ಸಲ ಬಂದಾಗ ಚಮಚ ಬಿತ್ತೆಂದು ಮೇಜಿನ ಕೆಳಗೆ ಬಗ್ಗಿದೆ. ಚಪ್ಪಲಿಯ ಮೇಲಿನ ಬಟ್ಟೆ ತೊಳೆದು ತೊಳೆದು ಬಣ್ಣ ಬಿಟ್ಟಿತ್ತು. ಅಡಿ ಮಾತ್ರ ಅಂಗಡಿಯಿಂದ ತಂದ ದಿನದ ಹಾಗೇ ಇತ್ತು. ಬಟ್ಟೆ ಎಲ್ಲಿ ಸವೆಯುತ್ತದೆ, ಯಾಕೆ ಸವೆಯುತ್ತದೆ ಎಂದು ನೋಡುವುದೇ ನನ್ನ ಕಸುಬು. ಮೇಲೆದ್ದಾಗ ಅಮ್ಮನ ಮುಂದಿದ್ದ ಲೋಟ ಕಂಡಿತು. ಬೆಳಿಗ್ಗೆ ಎಷ್ಟು ನೀರಿತ್ತೋ ಅಷ್ಟೇ.

ಅವಳಿಗೆ ನಾನು ತಿಳಿಯಬಾರದು ಎಂದಿದ್ದರೆ ತಿಳಿಯದವಳ ಹಾಗೇ ಇರೋಣ ಎಂದುಕೊಂಡೆ. ಮಧ್ಯಾಹ್ನದ ರೈಲಿಗೆ ಹೊರಡತೊಡಗಿದ್ದು ಆಗಿನಿಂದ. ಕೆಲಸವೂ ಇಲ್ಲ, ಒತ್ತಡವೂ ಇಲ್ಲ. ನಾನು ಹೋದರೆ ಅವಳು ನೀರು ಕುಡಿಯುತ್ತಾಳಲ್ಲ ಎಂದು. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ಈಗ ಕುಡಿದಿರುತ್ತಾಳೆ, ಈಗ ಅತ್ತಿಗೆ ಮಲಗಿಸಿರುತ್ತಾರೆ ಎಂದುಕೊಳ್ಳುತ್ತಿದ್ದೆ. ಅಂದು ರಾತ್ರಿ ಅವಳಿಗೆ ಊಟ ಸೇರುವುದಿಲ್ಲ ಎಂದು ನಿಮ್ಮ ಕಾಗದದಿಂದ ತಿಳಿಯಿತು.

ಇದೆಲ್ಲ ನನಗೆ ನೋವಾಗಬಾರದೆಂದು ನೀವು ಮಾಡುತ್ತಿರುವ ಉಪಕಾರ ಎಂದುಕೊಂಡಿದ್ದೆ. ಅಮ್ಮ ನಿಮ್ಮಿಂದ ಮಾತು ತೆಗೆದುಕೊಂಡದ್ದು ಗೊತ್ತಿರಲಿಲ್ಲ. ಅದಕ್ಕೇ ನಂಬಿಕೆ ಇಲ್ಲ ಎಂದು ಬರೆದುಬಿಟ್ಟೆ. ಹೊಟ್ಟೆಗೆ ಹಾಕಿಕೊಳ್ಳಿ.

ಇನ್ನೊಂದು. ನೀನು ಬೀಳಲ್ಲ ತಾನೆ ಎಂದು ನಾನು ಅಮ್ಮನನ್ನು ಕೇಳಿದ್ದು ನನಗೆ ನೆನಪೇ ಇಲ್ಲ. ಎಷ್ಟು ತಡಕಿದರೂ ಇಲ್ಲ.

ಪೊಟ್ಟಣದಲ್ಲಿರುವುದು ಒಂದು ನಡುಪಟ್ಟಿ. ದೋಣಿಯ ಹೊದಿಕೆಗೆ ಹಾಕುವ ಅಗಲ ಪಟ್ಟಿಯನ್ನೇ ಎರಡು ಪದರ ಮಾಡಿ, ಒಳಗೆ ಹಳೆಯ ಹೊದಿಕೆಯ ಮೆತ್ತನೆ ಹತ್ತಿಬಟ್ಟೆ ಕೊಟ್ಟಿದ್ದೇನೆ. ಅಮ್ಮನ ಸೊಂಟಕ್ಕೆ ಕಟ್ಟಿ, ಎರಡು ಬದಿಯ ಹಿಡಿಗಳನ್ನು ಹಿಡಿದು ಎತ್ತಬೇಕು. ಭಾರ ಮಣಿಕಟ್ಟಿಗೆ ಬೀಳುವುದಿಲ್ಲ, ತೋಳಿಗೆ ಬರುತ್ತದೆ. ಸಾರಂಗನ ಹೆಂಡತಿಯನ್ನು ಕೂರಿಸಿ ಎತ್ತಿ ನೋಡಿದ್ದೇನೆ. ಅವಳು ಅಮ್ಮನ ಎರಡರಷ್ಟು ಇದ್ದಾಳೆ. “ಚೆನ್ನಾಗಿದೆ, ಇನ್ನೊಂದ್ಸಲ ಎತ್ತು” ಅಂದಳು.

ಅಮ್ಮನಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

ನಿಮ್ಮ
ಸೂಜಿ

—

ಮಾರ್ಚ್ 19

ನನ್ನ ಸೂಜಿ,

ಎರಡು ದಿನ ನಿನ್ನ ಕಾಗದ ಚೀಲದಲ್ಲಿಟ್ಟುಕೊಂಡು ತಿರುಗಿದೆ. ಮೂರನೆಯ ದಿನ ಕವಿತೆ ಓದುವ ಹೊತ್ತಿಗೆ ಅದನ್ನೇ ತೆಗೆದು ಓದಿದೆ. ಅತ್ತೆ ಮೊದಲು ಕವಿತೆ ಎಂದೇ ತಿಳಿದಿದ್ದರು. ಚಪ್ಪಲಿ ಬಂದಾಗ ತಲೆ ಎತ್ತಿದರು. ಲೋಟ ಬಂದಾಗ ಕಣ್ಣು ಮುಚ್ಚಿದರು.

ಮುಗಿದ ಮೇಲೆ “ಗೊತ್ತಿತ್ತಾ ಅವಳಿಗೆ?” ಅಂದರು.

“ಹ್ಞೂಂ.”

“ಇಷ್ಟು ವರ್ಷದಿಂದಾನೂ?”

“ಹ್ಞೂಂ ಅತ್ತೆ.”

“ಹಾಗಾದ್ರೆ ನಾನ್ಯಾಕೆ ಗಂಟ್ಲು ಒಣಗಿಸ್ಕೊಂಡು ಕೂತಿದ್ದೆ?”

ನಾನು ಕಾಗದ ಮಡಿಸಿದೆ. ಆಮೇಲೆ ಅವರು ನನ್ನ ಕಡೆ ತಿರುಗಿ, “ತಪ್ಪೆಲ್ಲಾ ನಿಂದು. ಪ್ರತಿ ಸಲಾನೂ ಅದೇ ಹುರುಳಿಕಾಯಿ ತಂದಿಡ್ತಿದ್ದೆ. ಯಾರಿಗಾದ್ರೂ ಅನುಮಾನ ಬರುತ್ತೆ” ಅಂದರು.

ಅಂದು ಮುಖ ಗೋಡೆಗೆ ಮಾಡಿ ಮಲಗಿದರು. ಅತ್ತರೋ ಇಲ್ಲವೋ ಗೊತ್ತಿಲ್ಲ. ನಾನು ಹತ್ತಿರ ಹೋಗಲಿಲ್ಲ. ಮಾತು ಮುರಿದದ್ದಕ್ಕೆ ನನ್ನನ್ನು ಬೈಯಲೂ ಇಲ್ಲ, ಅದೇ ನನಗೆ ಹೆಚ್ಚು ಭಯ. ಮರುದಿನ ಪಟ್ಟಿ ಕಟ್ಟಲು ಹೋದರೆ “ನಾನೇನು ದೋಣಿನಾ?” ಅಂದರು. ಆದರೆ ಕೈ ಎತ್ತಿ ಕಟ್ಟಿಸಿಕೊಂಡರು. ಒಂದೇ ಹಿಡಿತಕ್ಕೆ ಎದ್ದು ನಿಂತರು ಸೂಜಿ. ನಿಂತು ನನ್ನ ಭುಜದ ಮೇಲಿಂದ ಕಿಟಕಿಯಾಚೆ ನೋಡಿ, “ಎದುರು ಮನೆಯೋರು ಬಣ್ಣ ಹೊಡೆಸಿದಾರೆ, ನಂಗೆ ಹೇಳೇ ಇಲ್ವಲ್ಲ ನೀನು” ಎಂದರು. ಕೂತ ಎತ್ತರದಿಂದ ಅದು ಕಾಣುತ್ತಲೇ ಇರಲಿಲ್ಲ.

ನೀನು ನನ್ನನ್ನು ಕರೆದ ವಿಷಯವನ್ನೂ ಹೇಳಿದ್ದೆ. ನಿನ್ನೆ, ತಾವಾಗಿಯೇ: “ಬರ್ಲಿ. ನೀನೂ ಹೋಗು. ಆದ್ರೆ ಸ್ನಾನ ಅವಳ ಕೈಲಿ ಬೇಡ. ಒಂದು ವಾರ ಸ್ನಾನ ಇಲ್ದಿದ್ರೆ ಯಾರೂ ಸಾಯಲ್ಲ.”

ಏಪ್ರಿಲ್ ಆರಕ್ಕೆ ಬಂದರಿನಲ್ಲಿ ಇರುತ್ತೇನೆ. ಎಂಟು ದಿನಕ್ಕೆ, ಹದಿನಾಲ್ಕಕ್ಕೆ ವಾಪಸು. ಯಜಮಾನರಿಗೆ ಹೇಳಿದೆ. “ಲಾಟರಿ ದುಡ್ಡು ಈಗ ಬಂತಾ?” ಅಂದರು.

ನಿನ್ನ
ಅತ್ತಿಗೆ

—

ಏಪ್ರಿಲ್ 9

ಅತ್ತಿಗೆ,

ಬಂದರಿನ ಕಟ್ಟೆಯ ಮೇಲೆ ಅಷ್ಟು ಹೊತ್ತು ನಿಂತು ನಾವು ಬೀಗದ ಕೈ, ಗ್ಯಾಸು, ಔಷಧಿ ಅಷ್ಟೇ ಮಾತಾಡಿದೆವಲ್ಲ. ನಿಮ್ಮ ಕೈಗೆ ಸುತ್ತಿದ್ದ ಬಟ್ಟೆ ನೋಡಿದೆ. ಕೇಳಿದರೆ ನೀವು ಅಲ್ಲಿಂದಲೇ ತಿರುಗಿಬಿಡುತ್ತೀರಿ ಎಂದು ಸುಮ್ಮನಾದೆ.

ಮೊದಲ ದಿನ ಅಮ್ಮ ನನ್ನನ್ನು ನೆಂಟರ ಹಾಗೆ ನೋಡಿಕೊಂಡಳು. “ಕೂತ್ಕೋ, ಊಟ ಮಾಡು.” ಅವಳಿಗೆ ನಾನು ಬಡಿಸಬೇಕು, ಆದರೆ ಉಪಚಾರ ಅವಳದು. ಎತ್ತುವಾಗ ಗೋಡೆಯ ಕಡೆ ನೋಡಿದಳು. ಎರಡನೆಯ ದಿನ ಲೋಟದ ನೀರು ಮುಟ್ಟಲಿಲ್ಲ. ಅವಳ ಮುಂದೆ ಕೂತೆ. “ಅಮ್ಮ, ನೀನು ಕುಡಿಯೋವರೆಗೂ ನಾನೂ ಕುಡಿಯಲ್ಲ” ಅಂದೆ. ಇಬ್ಬರೂ ಹಟ ಹಿಡಿದು ಕೂತೆವು. ಊಟ ಆಯಿತು, ಬಿಸಿಲು ಇಳಿಯಿತು. ಕೊನೆಗೆ ಅವಳೇ ಲೋಟ ತೆಗೆದುಕೊಂಡಳು. “ನಿಂಗೆ ಬಾಯಾರಿಕೆ ತಡೆಯೋಕೆ ಬರಲ್ಲ. ನಂಗೆ ಅಭ್ಯಾಸ ಇದೆ. ಕುಡಿ, ಕುಡಿ.”

ಇವತ್ತು ಬೆಳಿಗ್ಗೆ ತಾನೇ “ಮೈಯೆಲ್ಲಾ ಅಂಟಂಟು” ಎಂದು ಗೊಣಗಿದಳು. ಟೀಚರನ್ನು ಕರೀಲಾ ಎಂದೆ. “ಅವರಿಗ್ಯಾಕೆ ತೊಂದ್ರೆ” ಎಂದಳು. ಬಚ್ಚಲಿಗೆ ಕರೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂರಿಸಿದೆ. “ಕಣ್ಣು ಮುಚ್ಕೋ” ಅಂದಳು.

“ಕಣ್ಣು ಮುಚ್ಕೊಂಡು ಸೋಪು ಹೇಗಮ್ಮ ಹಚ್ಲಿ?”

“ಹೊಲಿಯೋಳಲ್ವಾ ನೀನು. ಕೈಗೇ ಗೊತ್ತಾಗುತ್ತೆ.”

ಮುಚ್ಚಿಕೊಂಡೆ ಅತ್ತಿಗೆ. ಬೆನ್ನು, ಭುಜ, ತೋಳು, ಎಲ್ಲ ಕೈಯಲ್ಲೇ ಹುಡುಕಿಕೊಂಡು ಹೋದೆ. ಎಷ್ಟು ಸಣ್ಣಗಾಗಿದ್ದಾಳೆ. ಆದರೆ ಚರ್ಮ ಎಲ್ಲೂ ಒಡೆದಿಲ್ಲ, ಎಲ್ಲೂ ಗಾಯವಿಲ್ಲ, ಕಂಕುಳಲ್ಲಿ ಕೂಡ ಒಂದು ಕೆಂಪು ಚುಕ್ಕೆ ಇರಲಿಕ್ಕಿಲ್ಲ. ಮೂರು ವರ್ಷದ ನಿಮ್ಮ ಕೆಲಸ ನನ್ನ ಬೆರಳಿಗೆ ತಿಳಿಯಿತು. ಯಾರ ಕೈಯ ಅಚ್ಚುಕಟ್ಟನ್ನೂ ನಾನು ಇಷ್ಟು ಹತ್ತಿರದಿಂದ ಓದಿರಲಿಲ್ಲ.

ಅಷ್ಟರಲ್ಲಿ ಅವಳು “ಸಾಕು, ಕಣ್ಣು ಬಿಡು ಮಾರಾಯ್ತಿ. ಮೂಗಿನೊಳಗೆ ಸೋಪು ತುರುಕಿದೆ” ಅಂದಳು.

ಬಿಟ್ಟೆ. ಅವಳು ಮೈ ಮುಚ್ಚಿಕೊಳ್ಳಲಿಲ್ಲ.

ನಿಮ್ಮ
ಸೂಜಿ

—

ಏಪ್ರಿಲ್ 9

ಸೂಜಿ,

ನಿನ್ನ ದ್ವೀಪದ ಬಗ್ಗೆ ಬರೆಯಲು ನನ್ನ ಹತ್ತಿರ ಏನೂ ಇಲ್ಲ. ಬಂದವಳು ಮಲಗಿದೆ. ಎದ್ದು ಪಪಾಯ ಹಣ್ಣು ತಿಂದು ಮತ್ತೆ ಮಲಗಿದೆ. ಸಾರಂಗನ ಹೆಂಡತಿ ಹವಳದ ದಿಬ್ಬಕ್ಕೆ ಕರೆಯಲು ಬಂದು, ಬಾಗಿಲಲ್ಲಿ ನಿಂತು ನೋಡಿ, ಕಿಟಕಿಯ ಬಟ್ಟೆ ಎಳೆದು ಹೋದಳಂತೆ. ಸಂಜೆ ಮತ್ತೆ ಬಂದು “ಅತ್ತಿಗೆ ಅಂದ್ರೆ ನೀವೇನಾ? ನಿಮ್ಮ ವಿಷಯ ಇಲ್ಲಿ ಎಲ್ರಿಗೂ ಗೊತ್ತು” ಅಂದಳು. ಏನು ಗೊತ್ತು ಎಂದು ಕೇಳಿದೆ. “ಹೊದಿಕೆ ಅಳತೆಗೆ ಯಾರ ಮನೆಗೆ ಹೋದ್ರೂ ಸೂಜಿ ನಿಮ್ಮ ಮಾತೇ ಆಡೋದು” ಎಂದಳು. ಇಷ್ಟು ದೂರದಲ್ಲಿ, ನಾನು ಕಾಲಿಡದ ಬೀದಿಯಲ್ಲಿ, ಯಾರೋ ನನ್ನನ್ನು ಇಷ್ಟು ವರ್ಷ ನೆನೆಯುತ್ತಿದ್ದರು. ಆ ಸಂತೋಷವನ್ನು ಎಲ್ಲಿಡಬೇಕೋ ತಿಳಿಯದೆ ಬಹಳ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದೆ.

ಆದರೆ ಒಂದು ಮಾತು ನಿನಗೆ ಹೇಳಬೇಕು. ಇವತ್ತು ಮಧ್ಯಾಹ್ನ ಎಚ್ಚರವಾದಾಗ ಕೈ ಎರಡೂ ಹಗುರ. ಎತ್ತಲು ಏನೂ ಇಲ್ಲ. ಆ ಹಗುರಕ್ಕೆ ಹೆದರಿಕೆಯಾಯಿತು. ನನ್ನ ಗಂಡ ಹೋದ ಮೇಲೆ ನಾನು ಅತ್ತೆಯ ಜೊತೆ ಯಾಕೆ ಉಳಿದೆ ಎಂದು ಕೇಳಲು ನಿನಗೆ ಧೈರ್ಯವಿರಲಿಲ್ಲ ಎಂದಿದ್ದೆಯಲ್ಲ. ಹೋಗಲು ಜಾಗವಿರಲಿಲ್ಲವೆಂದು ಅಲ್ಲ. ಆ ಮನೆಯಲ್ಲಿ ಅವರು ನನ್ನನ್ನು ದಿನವೂ ನಗಿಸುತ್ತಿದ್ದರು, ನಾನು ಬೇಕಾದವಳಾಗಿದ್ದೆ. ಈಗ ನೀನಿದ್ದೀಯ, ಪಟ್ಟಿ ಇದೆ. ನಾನಿಲ್ಲದೆಯೂ ಅಲ್ಲಿ ನಡೆಯುತ್ತದೆ ಎಂದಾದರೆ, ಹದಿನಾಲ್ಕಕ್ಕೆ ನಾನು ಯಾರಾಗಿ ವಾಪಸು ಬರಲಿ? ನಾಳೆಯ ದೋಣಿಗೇ ಹೊರಟುಬಿಡಲೇ ಎನ್ನಿಸುತ್ತಿದೆ. ಕಡಲನ್ನು ಇನ್ನೂ ಸರಿಯಾಗಿ ನೋಡಿಯೇ ಇಲ್ಲ.

ಅತ್ತಿಗೆ

—

ಏಪ್ರಿಲ್ 11

ಅತ್ತಿಗೆ,

ಇದನ್ನು ರೈಲಿನ ಟಪಾಲಿಗೇ ಕೊಡುತ್ತಿದ್ದೇನೆ, ಬೇಗ ಸಿಗಲಿ ಎಂದು. ನೀವು ಹೊರಟಿಲ್ಲ ಎಂದು ಸಾರಂಗ ಫೋನಿನಲ್ಲಿ ಹೇಳಿದ. “ದೋಣಿವರೆಗೂ ಬಂದ್ರು, ನಿಂತ್ರು, ವಾಪಸ್ ಹೋದ್ರು” ಅಂದ.

ನೀವು ಸಾರಂಗನ ಕೈಲಿ ರೈಲಿನ ಟಪಾಲಿಗೆ ಹಾಕಿಸಿದ ಕಾಗದ ಬಂದಾಗ ಅಮ್ಮ ಎದುರಿಗೇ ಇದ್ದಳು. “ಓದು” ಅಂದಳು. ಯೋಚನೆ ಮಾಡಿದೆ. ಈ ಮನೆಯಲ್ಲಿ ಇನ್ನು ಮುಚ್ಚುಮರೆ ಸಾಕು ಎನ್ನಿಸಿತು. ಎಲ್ಲವನ್ನೂ ಓದಿದೆ, ಕೊನೆಯ ಭಾಗವನ್ನೂ. ಅಮ್ಮ ಬಹಳ ಹೊತ್ತು ತನ್ನ ಉಡುಪಿನ ಅಂಚು ಮಡಿಸುತ್ತಾ ಬಿಡಿಸುತ್ತಾ ಇದ್ದಳು. ಆಮೇಲೆ “ನಾನು ಹೇಳಿದ್ದು ಬರಿ” ಎಂದಳು. ಅವಳ ಮಾತು ಹೀಗಿದೆ, ನಾನು ಒಂದಕ್ಷರ ಸೇರಿಸಿಲ್ಲ:

“ನಾನು ಚೆನ್ನಾಗಿದೀನಿ ಅಂತ ಬರೀಬೇಡ, ಅವಳು ನಂಬಲ್ಲ. ನನ್ನ ಮಗಳ ಕೈ ಒರಟು ಅಂತ ಬರಿ. ನೀರು ಕುದಿಯೋದನ್ನೇ ಹುಯ್ತಾಳೆ ಅಂತ ಬರಿ. ಕವಿತೆ ಓದು ಅಂದ್ರೆ ಸೀಮೆಎಣ್ಣೆ ಬೆಲೆ ಓದಿದ ಹಾಗೆ ಓದ್ತಾಳೆ ಅಂತ ಬರಿ. ಬಿದ್ದೋಳನ್ನ ಎತ್ತಕ್ಕೆ ಪಟ್ಟಿ ಸಾಕು. ಪಟ್ಟಿ ಜೊತೆ ಕೂತು ನಗೋಕಾಗತ್ತಾ? ಮೂರು ದಿನದಿಂದ ಒಂದು ಜೋಕ್ ಹೇಳ್ತಿದೀನಿ, ಇವಳಿಗೆ ಅರ್ಥಾನೇ ಆಗಿಲ್ಲ.”

ಇಲ್ಲಿಗೆ ನಿಲ್ಲಿಸಿದಳು. ಮುಗೀತಾ ಎಂದೆ. ಇಲ್ಲ ಎಂದು ತಲೆಯಾಡಿಸಿದಳು. ಆಮೇಲೆ ನಿಧಾನವಾಗಿ:

“ಅವಳು ನನ್ನ ಸೊಸೆಯಾಗಿ ವಾಪಸ್ ಬರ್ಲಿ, ಸಾಕು. ಆಳಾಗಿ ಬರೋದು ಬೇಡ. ಇನ್ನು ಮುಂದೆ ಆರು ತಿಂಗಳಿಗೊಂದು ಸಲ ನೀನು ಬಾ, ಅವಳು ಹೋಗ್ಲಿ. ಈ ಸಲ ಇನ್ನೂ ನಾಲ್ಕು ದಿನ ಇದ್ದು ಬಾ ಅಂತ ಬರಿ. ಗಡಿಬಿಡಿ ಏನಿಲ್ಲ ಅಂತ ಬರಿ.”

ಬರೆದಿದ್ದೇನೆ.

ನಿಮ್ಮ
ಸೂಜಿ

—

ಏಪ್ರಿಲ್ 13

ಸೂಜಿ,

ಅತ್ತೆಗೆ ಇದನ್ನು ಓದಿ ಹೇಳು.

ಅತ್ತೆ, ಕಾಗದ ಬಂತು. ಕಟ್ಟೆಗೆ ಹೋಗಿ ಟಿಕೆಟು ಹದಿನೆಂಟಕ್ಕೆ ಬದಲಾಯಿಸಿಕೊಂಡು ಬಂದೆ. ಇಷ್ಟು ವರ್ಷ ನೀವು ನನ್ನನ್ನು ಬಾ ಎಂದು ಕರೆದಿದ್ದೀರಿ, ಬೇಗ ಬಾ ಎಂದು ಕೂಗಿದ್ದೀರಿ. ಇದ್ದು ಬಾ ಅಂದದ್ದು ಇದೇ ಮೊದಲು. ಎಷ್ಟು ದೊಡ್ಡ ಮಾತು ಎಂದು ನಿಮಗೆ ಗೊತ್ತಿದ್ದೇ ಅಂದಿದ್ದೀರಿ.

ಬಂದ ಮೇಲೆ ನಿಮ್ಮ ಮುಂದೆ ಕೂತು ಆ ಜೋಕು ಕೇಳುತ್ತೇನೆ. ಈಗ ಸಾರಂಗನ ಹೆಂಡತಿ ಕೆಳಗೆ ನಿಂತು ಕೂಗುತ್ತಿದ್ದಾಳೆ. ಕಡಲಿಗೆ ಹೋಗುತ್ತಿದ್ದೇನೆ.

ನಿಮ್ಮ
ಸೊಸೆ